ಅಪ್ಪನಿಗಾಗಿ ಬರೆದ ಡಿಸ್ಕ್

"ನಾನು ಬರಲ್ಲ," ಎಂದುಬಿಟ್ಟರು ಅಪ್ಪ. ನನ್ನ ತಂಗಿಯ ಮದುವೆಗೆ! ಹೆತ್ತ ಮಗಳ ಮದುವೆಗೆ! "ಅಲ್ಲಿ ಬೊಂಬೆ ಥರ ಕೂತ್ಕೊಳ್ಳೋಕೆ ನಾನೇ ಬೇಕಾ? ಎಲ್ಲರೂ ನಕ್ಕಾಗ ನಾನೂ ನಕ್ಕು ನಕ್ಕು ಸಾಕಾಗಿದೆ."

ಅಪ್ಪನಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಹಾಗಾಗಿ ಅವರು ಮಾತಾಡಿದರೆ ಪಕ್ಕದ ಮನೆಗೂ ಸುದ್ದಿ ಮುಟ್ಟುತ್ತದೆ. ನಾನು ಶಾಲೆಗೆ ಹೋಗುತ್ತಿದ್ದಾಗಲೇ ಬಾಯ್ಲರ್ ಕಾರ್ಖಾನೆಯ ಸುತ್ತಿಗೆ ಸದ್ದು ಅವರ ಎರಡೂ ಕಿವಿಗಳನ್ನು ತಿಂದುಹಾಕಿತ್ತು. ಈಗ ಎದುರಿಗೆ ನಿಂತವರ ತುಟಿ ನೋಡಿಯೇ ಅವರು ಮಾತು ತಿಳಿದುಕೊಳ್ಳಬೇಕು. ತಂಗಿ ಅಳುತ್ತಾ ಒಳಗೆ ಹೋದಳು. ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಅವಳ ಬಾಯಿಂದ ಒಂದು ಮಾತು ಬರಬೇಕಾದರೆ ಒಳ್ಳೆ ಗಳಿಗೆ ನೋಡಬೇಕು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಕೈಕಟ್ಟಿ ಕೂರುವವಳಲ್ಲ ನಾನು. ನನ್ನ ಮದುವೆಯ ವೀಡಿಯೊ ತೆಗೆದು, ಅಲ್ಲಿ ಆಡಿದ ಮಾತನ್ನೆಲ್ಲ ಚಿತ್ರದ ಕೆಳಗೆ ಅಕ್ಷರದಲ್ಲಿ ಹಾಕಿ ಅಪ್ಪನಿಗೆ ತೋರಿಸೋಣ ಎಂದುಕೊಂಡೆ. ಓದಿ ಖುಷಿಪಟ್ಟರೆ, ತಂಗಿಯ ಮದುವೆಯದ್ದನ್ನೂ ಹೀಗೇ ಮಾಡಿಕೊಡ್ತೀನಿ, ಬನ್ನಿ ಅಂತ ಹಟ ಹಿಡಿಯಬಹುದು. ಫೋನಿನ ಅಕ್ಷರ ಅವರ ಕಣ್ಣಿಗೆ ಹಿಡಿಯುವುದಿಲ್ಲ. ಅವರದ್ದೇನಿದ್ದರೂ ದೊಡ್ಡ ಟಿವಿ, ಅದರ ಕೆಳಗಿನ ಹಳೇ ಡಿವಿಡಿ ಪ್ಲೇಯರ್, ಯಾರ ಕೈಗೂ ಕೊಡದ ರಿಮೋಟು. ಆದ್ದರಿಂದ ಡಿಸ್ಕನ್ನೇ ಬರ್ನ್ ಮಾಡಬೇಕಿತ್ತು.

ಅದಕ್ಕೆ ಸಾಫ್ಟ್‌ವೇರ್ ಹುಡುಕಲು ಹೋಗಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಮೊದಲನೆಯದು ಕನ್ನಡದ ಬದಲು ಸಾಲುಸಾಲು ಚೌಕ ತೋರಿಸಿತು. ಇನ್ನೊಂದು ಒತ್ತಕ್ಷರಗಳನ್ನು ಕಿತ್ತು ಪಕ್ಕಕ್ಕೆ ಎಸೆಯಿತು. ಪುಕ್ಕಟೆ ಸಿಕ್ಕಿದ್ದೊಂದು ತನ್ನ ಹೆಸರಿನ ಮುದ್ರೆಯನ್ನು ಮದುಮಗಳ ಮುಖದ ಮೇಲೇ ಒತ್ತಿತು. "ಪರವಾಗಿಲ್ಲ, ಇದರಲ್ಲೇ ಚೆನ್ನಾಗಿ ಕಾಣ್ತೀಯ," ಅಂದ ನನ್ನ ಗಂಡ. ಕೊನೆಗೆ ಅಕ್ಷರವನ್ನು ಚಿತ್ರದೊಳಕ್ಕೇ ಅಂಟಿಸಿಬಿಡುವ ಒಂದು ಸಿಕ್ಕಿತು. ಅಂಟಿಸಿದ ಮೇಲೆ ತೆಗೆಯಲು ಬರುವುದಿಲ್ಲ, ಆದರೆ ಒಂದಕ್ಷರವೂ ಮುರಿಯುವುದಿಲ್ಲ. ಇದೇ ಸರಿ ಅನ್ನಿಸಿತು.

ಮದುವೆಯ ವೀಡಿಯೊದವನು ಎಲ್ಲದರ ಮೇಲೂ ಹಾಡು ಸುರಿದಿದ್ದ, ಮಾತೊಂದೂ ಕೇಳುತ್ತಿರಲಿಲ್ಲ. ಚಿಕ್ಕಪ್ಪನ ಕ್ಯಾಮರಾದಲ್ಲಿದ್ದದ್ದೇ ಗತಿ. ಆ ಪುಣ್ಯಾತ್ಮ ಅದನ್ನು ಅಪ್ಪ ಅಮ್ಮನ ಕುರ್ಚಿಗಳ ಪಕ್ಕಕ್ಕೆ, ತುಸು ಹಿಂದೆ, ಸ್ಟ್ಯಾಂಡಿನ ಮೇಲಿಟ್ಟು ಮರೆತೇಬಿಟ್ಟಿದ್ದ. ಹೆಡ್‌ಫೋನ್ ಹಾಕಿ ಕೂತೆ. ಕುರ್ಚಿ ಎಳೆದ ಸದ್ದು, ಮಕ್ಕಳ ಗಲಾಟೆ. ಅದರ ನಡುವೆ, ತೀರಾ ಹತ್ತಿರದಲ್ಲಿ, ಒಂದು ಹೆಂಗಸಿನ ಪಿಸುದನಿ.

ಅಮ್ಮ! ಮುಂದಕ್ಕೇ ನೋಡುತ್ತಾ, ಅಪ್ಪನ ಭುಜಕ್ಕೆ ವಾಲಿಕೊಂಡು, ಅವರ ಕಿವಿಯಲ್ಲಿ ಮಾತಾಡುತ್ತಿದ್ದಳು. ಒಂದು ಮಾತಲ್ಲ, ಎರಡಲ್ಲ. ಮದುವೆ ಮುಗಿಯುವವರೆಗೂ.

ಕೇಳಿಸುವ ನಮಗೆ ಅಳೆದು ತೂಗಿ ಮಾತಾಡುವವಳು, ಕೇಳಿಸದ ಕಿವಿಗೆ ತನ್ನಲ್ಲಿದ್ದದ್ದನ್ನೆಲ್ಲ ಸುರಿದಿದ್ದಳು. ನಾನು ಹುಟ್ಟಿದ ಮನೆಯಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ಕೋಣೆ ಸಿಕ್ಕ ಹಾಗಾಯಿತು. ಅವಳನ್ನು ಕೇಳಬೇಕಿತ್ತೇನೋ. ಕೇಳಲಿಲ್ಲ. ಒಂದನ್ನೂ ಬಿಡದೆ ಟೈಪ್ ಮಾಡಿ, ಬರ್ನ್ ಗುಂಡಿ ಒತ್ತಿದೆ.

ಭಾನುವಾರ ಡಿಸ್ಕ್ ಹಾಕಿದೆವು. ಅಪ್ಪ ರಿಮೋಟು ಹಿಡಿದು, ನೋಡಿ ಉಪಕಾರ ಮಾಡುವವರಂತೆ ಕೂತರು. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಪರದೆಯ ಮೇಲೆ ಅಕ್ಷರ ಮೂಡಿತು.

ಅಮ್ಮ: ನೋಡಿ, ನಿಮ್ಮ ಮಗಳು ಮೂಗು ಏರಿಸಿದಳು. ಥೇಟ್ ನಿಮ್ಮದೇ ಸಿಟ್ಟು.

ಅಪ್ಪ ಗಹಗಹಿಸಿ ನಕ್ಕರು. ಅಮ್ಮನ ಕೈ ನಿಂತಿತು.

ಅಮ್ಮ: ನಿಮ್ಮ ತಮ್ಮ ಭಾಷಣ ಶುರು ಮಾಡಿದ. ಇನ್ನು ಊಟ ಆದ ಹಾಗೇ.

"ಏಯ್, ಇದೆಲ್ಲ ಯಾಕೆ ಹಾಕಿದೆ? ಅಳಿಸು ಮೊದಲು!" ಅಮ್ಮ ನನ್ನ ತೋಳು ಹಿಡಿದಳು.

"ಬರಲ್ಲಮ್ಮ. ಚಿತ್ರಕ್ಕೇ ಅಂಟಿಹೋಗಿದೆ."

ಅಮ್ಮ: 'ಅಣ್ಣ ದುಡಿದು ಹಾಕಿದ್ದಕ್ಕೇ ನಾನು ಓದಿದೆ' ಅಂತಿದಾನೆ. ಈ ಚಪ್ಪಾಳೆ ನಿಮಗೇ ರೀ.

ಪರದೆಯಲ್ಲಿ ಇಡೀ ಹಾಲ್ ಇತ್ತ ತಿರುಗಿ ಚಪ್ಪಾಳೆ ತಟ್ಟುತ್ತಿತ್ತು. ಅದರ ನಡುವೆ ಅಪ್ಪನೂ ಎಲ್ಲರಂತೆ ನಗುತ್ತಾ ತಟ್ಟುತ್ತಿದ್ದರು.

ಅಪ್ಪ ಚಿತ್ರ ನಿಲ್ಲಿಸಿದರು. "ಅದು ನನಗಾ? ನಾನೂ ತಟ್ಟಿಬಿಟ್ನಲ್ಲೇ!" ಮತ್ತೆ ಗುಂಡಿ ಒತ್ತಿದರು.

ಅಮ್ಮ: ಒಂದು ಸಲ ಈ ಕಡೆ ತಿರುಗಬಾರದಾ?

ಅಪ್ಪ ಆ ಸಾಲನ್ನು ಗಟ್ಟಿಯಾಗಿ ಓದಿದರು. ಅಮ್ಮ ಮಡಿಸಿದ ಟವೆಲನ್ನೇ ಮತ್ತೆ ಮಡಿಸತೊಡಗಿದಳು. ಅಪ್ಪ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು.

"ಕಿವಿ ಹತ್ರ ಬಿಸಿ ಉಸಿರು ತಾಗ್ತಿತ್ತು ಕಣೇ. 'ಪಾಪ, ದಣಿದು ತೂಕಡಿಸ್ತಿದ್ದಾಳೆ, ಎಚ್ಚರ ಆಗೋದು ಬೇಡ' ಅಂತ ನಾನು ಅಲ್ಲಾಡದೆ ಕೂತಿದ್ದೆ."

ಅಮ್ಮ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ನಾನೂ ಅತ್ತುಬಿಟ್ಟೆ, ಮುಚ್ಚಿಡುವುದೇನಿದೆ.

ಅಪ್ಪ ನನ್ನ ಕಡೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ನಿನ್ನ ತಂಗಿಗೆ ಹೇಳು, ಮದುವೆಗೆ ಬರ್ತೀನಿ. ನಮ್ಮಿಬ್ಬರ ಕುರ್ಚಿ ಮಾತ್ರ ಎದುರುಬದುರು ಹಾಕ್ಸಬೇಕು."