ಸೇತುವೆಯಾಚೆಯ ಸ್ಟಾಪು

ನಾಯಿಗೆ ಗಾಡಿ ಅಭ್ಯಾಸ ಮಾಡಿಸುವುದಕ್ಕೆ ಯಾರಾದರೂ ಡ್ರೈವರನ್ನು ಗೊತ್ತು ಮಾಡುತ್ತಾರೆಯೇ? ಮಾಡುವುದಿಲ್ಲ. ಮಾಡಿದ್ದಾರೆ ಅಂದರೆ ಒಳಗೆ ಇನ್ನೇನೋ ಇದೆ. ಭೂತಪ್ಪನ ತರ್ಕ ಇಷ್ಟು ಸರಳ. ಸಾಗರ, ಹೊಸನಗರ, ತೀರ್ಥಹಳ್ಳಿ ರೂಟಿನಲ್ಲಿ ಮೂವತ್ತೊಂದು ವರ್ಷ ಖಾಸಗಿ ಬಸ್ಸು ಓಡಿಸಿ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮನುಷ್ಯ. ಅಷ್ಟು ವರ್ಷದಲ್ಲಿ ಯಾರನ್ನೂ ನಂಬಬಾರದು ಎಂಬ ಒಂದೇ ಪಾಠ ಕಲಿತಿದ್ದ, ಅದನ್ನೂ ಸ್ವಲ್ಪ ಜಾಸ್ತಿಯೇ ಕಲಿತಿದ್ದ. ಹಾಲಿನವನು ಹತ್ತು ನಿಮಿಷ ಬೇಗ ಬಂದರೆ ‘ಇವತ್ತೇನು ವಿಶೇಷ?’ ಎಂದು ಕಣ್ಣು ಕಿರಿದು ಮಾಡುವ ಪೈಕಿ.

ಗೊತ್ತು ಮಾಡಿದವಳು ಅಕ್ಷಯಾ. ಸಾಗರದ ಮಾಸ್ತರೊಬ್ಬರ ಮಗಳು, ನಲವತ್ತರ ಆಸುಪಾಸು. ಹೊಸನಗರದ ಹೊರಗೆ ಪುಟ್ಟ ಮನೆ ಮಾಡಿಕೊಂಡು, ಕಂಪ್ಯೂಟರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಂಡು ಒಬ್ಬಳೇ ಇದ್ದವಳು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟುಗಳನ್ನೆಲ್ಲ ಕೀಳಿಸಿ, ಒಳಗೆ ಮಂಚ, ಒಲೆ, ಸಿಂಕು ಕೂರಿಸಿ ಕ್ಯಾರವಾನ್ ಮಾಡಿಸಿದ್ದಳು. ಊರವರ ಬಾಯಲ್ಲಿ ಅದು ‘ಮನೆ ವ್ಯಾನು’. ದೀಪಾವಳಿ ಮುಗಿದ ಮೇಲೆ ಆರು ತಿಂಗಳು ಅದರಲ್ಲೇ ಊರೂರು ಸುತ್ತಬೇಕು, ಜೊತೆಗೆ ತನ್ನ ನಾಯಿ ಟಿಕ್ಲಿಯೂ ಇರಬೇಕು ಎಂಬುದು ಅವಳ ಆಸೆ. ಟಿಕ್ಲಿ ಕಂದು ಮೈಯ ಹೆಣ್ಣು ನಾಯಿ, ಹಣೆಯ ಮೇಲೆ ಬಿಳಿ ಚುಕ್ಕೆ, ಅದಕ್ಕೇ ಆ ಹೆಸರು. ಮನೆಯಂಗಳದಲ್ಲಿ ಹುಲಿ. ಗಾಡಿಯ ಬಾಗಿಲು ಕಂಡರೆ ಮಾತ್ರ ಬಾಲ ಮಡಚಿ, ಜೊಲ್ಲು ಸುರಿಸಿಕೊಂಡು ಗಡಗಡ ನಡುಗುತ್ತಿತ್ತು.

“ಓಡಿಸೋಕೆ ನಂಗೂ ಬರ್ತದೆ ಭೂತಪ್ಪಣ್ಣ. ಆದ್ರೆ ನಾನು ಸ್ಟೇರಿಂಗ್ ಹಿಡಿದು ಕೂತ್ರೆ ಇವಳ ಹತ್ರ ಯಾರು ಕೂರ್ತಾರೆ? ಹತ್ತು ದಿನ ನೀವು ಓಡಿಸಿ, ನಾನು ಹಿಂದೆ ಇವಳ ಜೊತೆ ಇರ್ತೀನಿ” ಎಂದಿದ್ದಳು ಅಕ್ಷಯಾ.

“ಹತ್ತು ದಿನದಲ್ಲಿ ಅಭ್ಯಾಸ ಆಗ್ದಿದ್ರೆ?”

ಅವಳು ಟಿಕ್ಲಿಯ ಕಿವಿ ಸವರಿದಳು. “ಆಗ ಬೇರೆ ಏನಾದ್ರೂ ಯೋಚ್ನೆ ಮಾಡ್ಬೇಕು.”

ಬೇರೆ ಏನಾದರೂ! ಭೂತಪ್ಪನ ಕಿವಿ ನೆಟ್ಟಗಾಯಿತು. ಬೇಡವಾದ ನಾಯಿಯನ್ನು ಈ ಸೀಮೆಯಲ್ಲಿ ಏನು ಮಾಡುತ್ತಾರೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ನಡುವೆ ನೀರು ಬಂದರೆ ನಾಯಿಗೆ ವಾಸನೆ ತಪ್ಪುತ್ತದೆ, ತಿರುಗಿ ಮನೆಯ ದಾರಿ ಹಿಡಿಯುವುದಿಲ್ಲ ಎಂದು ನಂಬಿಕೆ. ಹೆಣ್ಣು ಮರಿಯಾದರಂತೂ ಕೇಳುವುದೇ ಬೇಡ, ಕಣ್ಣು ಬಿಡುವುದೇ ತಡ, ಚೀಲ ಸಿದ್ಧ. ಆರು ತಿಂಗಳು ತಿರುಗಲು ಹೊರಟ ಒಂಟಿ ಹೆಂಗಸಿಗೆ ನಡುಗುವ ನಾಯಿ ಹೊರೆಯಲ್ಲದೆ ಮತ್ತೇನು? ಈ ಕೆಲಸಕ್ಕೆ ಒಪ್ಪಿಕೊಳ್ಳುವುದೇ ಸರಿ ಎಂದುಕೊಂಡ. ಎದುರಿಗೇ ಇದ್ದರೆ ಕಾಯಬಹುದು.

ಮೊದಲ ಎರಡು ದಿನ ಎಂಜಿನ್ ಶುರುವೇ ಮಾಡಲಿಲ್ಲ. ಭೂತಪ್ಪ ಸುಮ್ಮನೆ ಡ್ರೈವರ್ ಸೀಟಿನಲ್ಲಿ ಕೂರಬೇಕು, ಅಷ್ಟೆ. ಅಕ್ಷಯಾ ಹಿಂದಿನ ಬಾಗಿಲು ತೆರೆದಿಟ್ಟು, ಮೆಟ್ಟಿಲ ಕೆಳಗೆ ಒಂದು ಚೂರು ದೋಸೆ, ಮೆಟ್ಟಿಲ ಮೇಲೆ ಒಂದು ಚೂರು, ಹೊಸಿಲಲ್ಲಿ ಒಂದು ಚೂರು ಇಟ್ಟು ದೂರ ಕೂರುತ್ತಿದ್ದಳು. ಟಿಕ್ಲಿ ಬಂದರೆ ಬಂತು, ಬಾರದಿದ್ದರೆ ಇಲ್ಲ. ಎಳೆಯುವಂತಿಲ್ಲ, ಗದರುವಂತಿಲ್ಲ. “ಎಂತೂ ಇಲ್ಲೆ ಟಿಕ್ಲೀ, ಹೆದ್ರಡ” ಎಂದು, ಏನೂ ಇಲ್ಲ ಹೆದರಬೇಡ ಅಂತ, ತನ್ನ ಮನೆಮಾತಿನಲ್ಲಿ ಮೆಲ್ಲಗೆ ಹೇಳುತ್ತಿದ್ದಳು. ಎರಡನೆಯ ದಿನ ಸಂಜೆ ನಾಯಿ ಮುಂಗಾಲೆರಡನ್ನು ಒಳಗಿಟ್ಟು, ದೋಸೆ ಕಚ್ಚಿಕೊಂಡು ಓಡಿಹೋಯಿತು. ಅಕ್ಷಯಾ ಲಾಟರಿ ಹೊಡೆದವಳ ಹಾಗೆ ನಕ್ಕಳು.

‘ಎಂಥ ಪ್ರೀತಿಯ ನಾಟಕ!’ ಎಂದು ಭೂತಪ್ಪ ಹಲ್ಲು ಕಚ್ಚಿದ. ನಂಬಿಸಿ ಒಳಗೆ ಹತ್ತಿಸಿಕೊಳ್ಳುವುದಕ್ಕಲ್ಲವೇ ಇದೆಲ್ಲ?

ಮನೆಗೆ ಬಂದು ಹೆಂಡತಿ ಯಮುನಮ್ಮನ ಮುಂದೆ ಹೇಳಿದರೆ ಅವಳು ಮೀನು ತೊಳೆಯುತ್ತಿದ್ದ ಕೈಯನ್ನೇ ಆಡಿಸಿದಳು. “ಕೂತಲ್ಲೇ ಕೂತಿದ್ದಕ್ಕೆ ಸಂಬ್ಳ ಕೊಡೋರು ಸಿಕ್ಕಿದಾರೆ, ಸುಮ್ನೆ ಕೈ ಮುಗ್ದು ಕೂರಿ. ನಿಮ್ಮ ಗುಮಾನಿಗೆ ಒಂದು ಮದ್ದಿಲ್ಲ ನೋಡಿ.”

“ನಿಂಗೆಂತ ಗೊತ್ತು? ಆ ಹೆಂಗ್ಸು ಯಾವ ದಿನ ಎಲ್ಲಿ ತನಕ ಹೋಗ್ಬೇಕು ಅಂತ ಮೊದ್ಲೇ ಬುಕ್ಕಲ್ಲಿ ಬರ್ಕೊಂಡಿದೆ. ಎಷ್ಟು ದೂರ ಹೋದ್ರೆ ನಾಯಿ ವಾಪಸ್ ಬರಲ್ಲ ಅಂತ ನೋಡ್ತಾ ಇದೆ ಅದು.”

“ಆಯ್ತು ಮಾರಾಯ್ರೆ, ನೀವೇ ಕಾಯಿರಿ” ಎಂದು ಯಮುನಮ್ಮ ಮೀನಿನ ಕಡೆ ತಿರುಗಿದಳು.

ಮೂರನೆಯ ದಿನ ನಿಂತಲ್ಲೇ ಎಂಜಿನ್. ನಾಲ್ಕನೆಯ ದಿನ ಗೇಟಿನ ತನಕ. ಐದನೆಯ ದಿನ ಪಂಚಾಯ್ತಿ ಕಚೇರಿಯ ತಿರುವಿನ ತನಕ. ಗಾಡಿ ಜರ್ಕು ಹೊಡೆಯದ ಹಾಗೆ ಕ್ಲಚ್ ಬಿಡುವುದರಲ್ಲಿ ಭೂತಪ್ಪನನ್ನು ಮೀರಿಸುವವರಿರಲಿಲ್ಲ. ತುಂಬು ಬಸುರಿಯರನ್ನು ಆಸ್ಪತ್ರೆಗೆ ಸಾಗಿಸಿದ ಕಾಲು ಅದು. ಜೊತೆಗೆ, ಅಕ್ಷಯಾಗೆ ಕಾಣದ ಹಾಗೆ, ಜೇಬಿನಲ್ಲಿ ಒಣಮೀನಿನ ಚೂರು ತಂದು ಟಿಕ್ಲಿಗೆ ಹಾಕತೊಡಗಿದ. ದೋಸೆ ತಿಂದು ಬೆಳೆದ ನಾಯಿ ಮೀನಿನ ವಾಸನೆಗೆ ಹುಚ್ಚಾಗಿ ಡ್ರೈವರ್ ಸೀಟಿನ ಹಿಂದೆಯೇ ಬಂದು ಕೂರುವಂತಾಯಿತು. ಮೂತಿಯನ್ನು ಅವನ ಮೊಣಕೈಗೆ ಒತ್ತುತ್ತಿತ್ತು. ಭೂತಪ್ಪನಿಗೆ ಒಳಗೊಳಗೇ ಖುಷಿ. ಖುಷಿಯಾದಷ್ಟೂ ಅಕ್ಷಯಾಳ ಮೇಲೆ ಸಿಟ್ಟು ಏರುತ್ತಿತ್ತು. ಇಂಥ ಪಾಪದ ಪ್ರಾಣಿಯನ್ನು!

ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಷಯಾ, “ಇವತ್ತು ತೀರ್ಥಹಳ್ಳಿಗೆ ಹೋಗೋಣ. ಅಲ್ಲಿ ನಮ್ಮ ಸೋದರತ್ತೆ ಮನೆ ಇದೆ. ಹಿನ್ನೀರಿನ ಸೇತುವೆ ಮೇಲೆ ಹೋಗಿ” ಎಂದಳು. ನಗರ ಎಂಬ ಊರಿನ ದಾರಿಯಲ್ಲಿ ಹೋದರೆ ಶರಾವತಿ ದಾಟಲೇಬೇಕು. ಭೂತಪ್ಪ ಹಿಂದೆ ಕಣ್ಣು ಹಾಯಿಸಿದ. ಮಂಚದ ಕೆಳಗೆ, ನಿನ್ನೆ ತನಕ ಇಲ್ಲದಿದ್ದ ಗೋಣಿಚೀಲ.

“ಅದೆಂತಕ್ಕೆ ಚೀಲ?”

“ಟಿಕ್ಲಿ ಜಗಲೀಲಿ ಮಲಗೋದು ಅದ್ರ ಮೇಲೆ. ತನ್ನ ವಾಸ್ನೆ ಇದ್ರೆ ಅವಳಿಗೆ ಧೈರ್ಯ ಅಂತ.”

ಎಷ್ಟು ಚೆನ್ನಾಗಿ ಹೊಂದಿಸಿ ಹೇಳುತ್ತಾಳೆ! ಹೊಳೆ ಬಂತು, ಚೀಲ ಬಂತು, ಇನ್ನು ಬಾಕಿ ಏನಿದೆ? ಕೀ ತಿರುಗಿಸುವಾಗಲೇ ಭೂತಪ್ಪ ನಿಶ್ಚಯ ಮಾಡಿಕೊಂಡ. ಏನಾದರಾಗಲಿ, ಇವತ್ತು ಇವಳು ಟಿಕ್ಲಿಯನ್ನು ಇಳಿಸುವುದಕ್ಕೆ ತಾನು ಬಿಡುವುದಿಲ್ಲ.

ಹೊಸನಗರ ಪೇಟೆ ದಾಟುವ ತನಕ ಟಿಕ್ಲಿ ಕಿಟಕಿಯಲ್ಲಿ ಮೂತಿಯಿಟ್ಟುಕೊಂಡು ಆರಾಮವಾಗಿತ್ತು. ಗಾಡಿ ಸೇತುವೆಗೆ ಏರಿ ಚಕ್ರದ ಸದ್ದು ಬದಲಾದದ್ದೇ ತಡ, ಕೆಳಗಿಳಿದು ಮಂಚದಡಿ ನುಗ್ಗಿತು. ಅದರ ಉಗುರು ತಗಡನ್ನು ಕೆರೆಯುವುದು ಮುಂದೆ ಕೂತ ಭೂತಪ್ಪನಿಗೂ ಕೇಳುತ್ತಿತ್ತು.

“ಸೇತುವೆ ದಾಟಿ ಸ್ವಲ್ಪ ಮುಂದೆ ನಿಲ್ಸಿ ಭೂತಪ್ಪಣ್ಣ” ಎಂದಳು ಅಕ್ಷಯಾ.

“ನಿಲ್ಸಲ್ಲ.”

“ಏನು?”

“ನಿಲ್ಸಲ್ಲ ಅಂದೆ! ಆ ಹೊನ್ನೆ ಮರದ ಹತ್ರ ತಾನೇ ನಿಮ್ಗೆ ನಿಲ್ಸಬೇಕಾಗಿರೋದು? ನಂಗೇನು ಗೊತ್ತಾಗಲ್ಲ ಅಂದ್ಕೊಂಡ್ರಾ? ಚೀಲದ ಬಾಯಿ ಬಿಚ್ಚೋದು, ಮರದ ಬುಡದಲ್ಲಿ ಬಿಡೋದು, ಅದು ಎದ್ದು ನಿಲ್ಲೋದ್ರೊಳಗೆ ಗಾಡಿ ಬಿಡೋದು! ಇಷ್ಟಕ್ಕೆ ಹತ್ತು ದಿನ ನಾಟ್ಕ ಬೇಕಿತ್ತೇನಮ್ಮ? ಪಾಪ ತಟ್ತದೆ ನಿಮ್ಗೆ!”

ಕೂಗುತ್ತಲೇ ಸೇತುವೆ ದಾಟಿದ್ದ, ಹೊನ್ನೆ ಮರವನ್ನೂ ದಾಟಿದ್ದ. ಅಕ್ಷಯಾ ಎದ್ದು ಬಂದು ಅವನ ಸೀಟಿನ ಕಂಬಿ ಹಿಡಿದು ನಿಂತಳು. ಸಿಟ್ಟಾಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದ ಭೂತಪ್ಪ. ಅವಳು ಎರಡೂ ಮಾಡಲಿಲ್ಲ.

“ಟಿಕ್ಲಿ ನಂಗೆ ಸಿಕ್ಕಿದ್ದು ಆ ಮರದ ಬುಡದಲ್ಲಿ. ಮೂರು ವರ್ಷ ಆಯ್ತು. ಅಂಗೈಯಷ್ಟು ಇತ್ತು” ಎಂದಳು. “ಅಲ್ಲಿ ಗಾಡಿ ನಿಲ್ಸಿ, ಬಾಗಿಲು ತೆಗ್ದು, ಇವಳನ್ನ ಕೆಳಗೆ ಇಳಿಸದೇನೇ ತಿನ್ನೋಕೆ ಕೊಟ್ಟು, ಮತ್ತೆ ಬಾಗಿಲು ಹಾಕ್ಕೊಂಡು ಹೋಗ್ಬೇಕು ಅಂತಿದ್ದೆ. ಇಲ್ಲಿ ನಿಂತ ಗಾಡಿ ತನ್ನನ್ನ ಬಿಟ್ಟು ಹೋಗಲ್ಲ ಅಂತ ಇವಳಿಗೆ ಗೊತ್ತಾಗ್ಲಿ ಅಂತ. ಆದ್ರೆ ಹೊನ್ನೆ ಮರ ಅಂತ ನಾನು ನಿಮ್ಗೆ ಹೇಳಿರ್ಲಿಲ್ಲ. ಯಾರಿಗೂ ಹೇಳಿಲ್ಲ. ನಿಮ್ಗೆ ಹೆಂಗೆ ಗೊತ್ತು ಭೂತಪ್ಪಣ್ಣ?”

ಭೂತಪ್ಪನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಗಾಡಿ ರಸ್ತೆ ಬದಿಯಲ್ಲಿ ನಿಂತಿತು.

ಸುಳ್ಳು ಹೇಳಬಹುದಿತ್ತು. ಎಲ್ಲರಿಗೂ ಗೊತ್ತಿರುವ ಜಾಗ, ಯಾರೋ ಹೇಳಿದ್ದರು ಎಂದರೆ ಮುಗಿಯುತ್ತಿತ್ತು. ಆದರೆ ಮಂಚದಡಿಯಿಂದ ಆ ಉಗುರಿನ ಸದ್ದು ಇನ್ನೂ ಬರುತ್ತಲೇ ಇತ್ತು.

“ಚೀಲ ಬಸ್ಸಿಗೆ ತಂದು ಕೊಡ್ತಿದ್ರು” ಎಂದ. “ಆ ಕಡೆ ಹಳ್ಳಿಯೋರು. ಡ್ರೈವರಣ್ಣ, ಹೊಳೆ ದಾಟಿದ್ಮೇಲೆ ಒಂಚೂರು ಬಿಟ್ಬಿಡಿ ಅಂತ. ಒಂದ್ ಚಿಪ್ಪು ಬಾಳೆಹಣ್ಣೋ, ಒಂದ್ ಕವಳ ಎಲೆ ಅಡಿಕೆಯೋ ಕೊಡೋರು. ಇಲ್ಲ ಅನ್ನೋಕೆ ಆಗ್ತಿರ್ಲಿಲ್ಲ, ದಿನಾ ನೋಡೋ ಮುಖ. ಬಾನೆಟ್ ಪಕ್ಕ ಇಟ್ಕೊಂಡು ಬಂದು ಅಲ್ಲಿ ಬಿಡ್ತಿದ್ದೆ.”

“ಎಷ್ಟು?”

“ಲೆಕ್ಕ ಇಟ್ಟಿಲ್ಲಮ್ಮ.”

“ಮೂರು ವರ್ಷದ ಹಿಂದೆ, ನವರಾತ್ರಿ ಹೊತ್ತಿಗೆ?”

“ಆಗ ನಾನೇ ಡ್ಯೂಟೀಲಿದ್ದೆ. ಇದೇ ಮರಿಯೋ ಅಲ್ವೋ ನಂಗೆ ಗೊತ್ತಿಲ್ಲ. ಚೀಲದೊಳಗೆ ನೋಡ್ತಿರ್ಲಿಲ್ಲ.”

“ಬಿಟ್ಟ ಮೇಲೆ ಒಂದು ಸಲನಾದ್ರೂ ತಿರುಗಿ ನೋಡಿದ್ರಾ?”

“ಟೈಮಿಗೆ ಹೋಗ್ಬೇಕಲ್ಲ ಅಮ್ಮ” ಎಂದ ಭೂತಪ್ಪ. ಅಂದ ಮೇಲೆ ಆ ಮಾತು ಎಂಥದ್ದೆಂದು ತನ್ನ ಕಿವಿಗೇ ಕೇಳಿತು.

“ನಾಲ್ಕು ದಿನ ಅಲ್ಲೇ ಇತ್ತಂತೆ ಇದು” ಎಂದಳು ಅಕ್ಷಯಾ. “ದನ ಕಾಯೋ ಅಜ್ಜ ಒಬ್ರು ಹೇಳಿದ್ರು. ಬಸ್ಸು ಬಂದಾಗೆಲ್ಲ ಎದ್ದು ನಿಲ್ತಿತ್ತಂತೆ. ಇಳೀರಿ ನೀವು.”

ಭೂತಪ್ಪ ಇಳಿದ. ಅಕ್ಷಯಾ ಸೀಟಿಗೆ ಬಂದು ಕೂತು, ಅವನ ಮುಖ ನೋಡದೆ ಗಾಡಿಯನ್ನು ನಗರದ ಕಡೆ ಓಡಿಸಿಕೊಂಡು ಹೋದಳು. ಹಿಂದಿನ ಕಿಟಕಿಯಿಂದ ಟಿಕ್ಲಿ ಬೊಗಳುವುದು ತಿರುವಿನ ತನಕ ಕೇಳಿತು.

ಮೂವತ್ತೊಂದು ವರ್ಷ ಇದೇ ರಸ್ತೆಯಲ್ಲಿ ಸಾವಿರಾರು ಸಲ ಹೋಗಿದ್ದರೂ ಈ ಜಾಗದಲ್ಲಿ ಐದು ನಿಮಿಷ ಕೂಡ ನಿಂತಿರಲಿಲ್ಲ. ಹತ್ತಿರ ಮನೆಯಿಲ್ಲ, ಅಂಗಡಿಯಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ನೀರು. ಭೂತಪ್ಪ ಹಿಂದಕ್ಕೆ ನಡೆದು ಹೊನ್ನೆ ಮರದ ಬುಡದಲ್ಲಿ ಕೂತ. ಇಲ್ಲಿ ಆ ಅಂಗೈಯಷ್ಟು ಮರಿಗಳು ಏನು ತಿಂದಿರಬಹುದು? ರಾತ್ರಿ ಏನು ಮಾಡಿರಬಹುದು? ಒಂದೊಂದಾಗಿ ಚೀಲಗಳು ನೆನಪಿಗೆ ಬರತೊಡಗಿದವು. ಕೆಲವು ಕುಂಯ್‌ಗುಡುತ್ತಿದ್ದವು, ಕೆಲವು ಸುಮ್ಮನಿದ್ದವು. ಸುಮ್ಮನಿದ್ದವು ಎಷ್ಟೆಂದು ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟ.

ತೀರ್ಥಹಳ್ಳಿ ಕಡೆಯಿಂದ ಬಸ್ಸು ಬಂತು. ಡ್ರೈವರ್ ನಾಗೇಂದ್ರ, ಭೂತಪ್ಪನ ಕೈಕೆಳಗೇ ಪಳಗಿದವನು, ಬ್ರೇಕು ಹಾಕಿ ತಲೆ ಹೊರಗೆ ಹಾಕಿದ. “ಇದೇನಣ್ಣ ಇಲ್ಲಿ? ಹತ್ತಿ ಹತ್ತಿ, ಮನೆ ಹತ್ರ ಬಿಡ್ತೀನಿ.”

“ನೀನು ಹೋಗು” ಎಂದ ಭೂತಪ್ಪ.

ಎಲ್ಲಿಗೆ ಹೋದರೂ ಅಕ್ಷಯಾ ಸಂಜೆ ಈ ಸೇತುವೆಯ ಮೇಲೇ ವಾಪಸ್ಸು ಹೋಗಬೇಕು. ಆಗ ಅವಳು ಓಡಿಸುತ್ತಿದ್ದರೆ ಟಿಕ್ಲಿಯ ಹತ್ತಿರ ಯಾರಿರುತ್ತಾರೆ? ನಿಲ್ಲಿಸುತ್ತಾಳೆಂಬ ನಂಬಿಕೆ ಅವನಿಗೇನೂ ಇರಲಿಲ್ಲ. ತಾನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ. ಆದರೂ ಕೂತ. ಇನ್ನೂ ಎರಡು ಬಸ್ಸು ಹೋದವು.

ಬಿಸಿಲು ಇಳಿಯುವ ಹೊತ್ತಿಗೆ ಮನೆ ವ್ಯಾನು ತಿರುವಿನಲ್ಲಿ ಕಾಣಿಸಿತು. ಭೂತಪ್ಪ ಎದ್ದು ಪ್ರಯಾಣಿಕರ ಹಾಗೆ ಕೈ ಅಡ್ಡ ಹಿಡಿದ. ಗಾಡಿ ಅವನನ್ನು ದಾಟಿ, ಹತ್ತು ಮಾರು ಮುಂದೆ ಹೋಗಿ ನಿಂತಿತು. ಓಡಿದ. ಅಕ್ಷಯಾ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು.

“ನಿಮ್ಮನ್ನ ನಂಬಿ ಅಲ್ಲ. ಸೇತುವೆ ದಾಟೋ ತನಕ ಇವಳ ಹತ್ರ ಯಾರಾದ್ರೂ ಕೂರ್ಬೇಕು, ಅದಕ್ಕೆ” ಎಂದಳು. “ಬಾಗಿಲು ಭದ್ರ ಹಾಕಿ.”

ಭೂತಪ್ಪ ಬಾಗಿಲು ಹಾಕಿ ನೆಲದ ಮೇಲೆ ಕೂತ. ಮಂಚದ ಕೆಳಗಿನ ಕತ್ತಲಲ್ಲಿ ಟಿಕ್ಲಿ ಮುದುಡಿಕೊಂಡಿತ್ತು, ಮೈಯೆಲ್ಲ ನಡುಗುತ್ತಿತ್ತು. ಜೇಬಿಗೆ ಕೈ ಹಾಕಿದ, ಒಂದು ಚೂರು ಮೀನೂ ಉಳಿದಿರಲಿಲ್ಲ. ಗಾಡಿ ಸೇತುವೆಗೆ ಏರಿತು. ಆ ಕತ್ತಲಿನಿಂದ ನಾಯಿ ಹೊಟ್ಟೆ ಎಳೆದುಕೊಂಡು ಅವನ ಕಡೆಗೇ ತೆವಳತೊಡಗಿತು.

“ಬ್ಯಾಡ್ವೇ, ನನ್ನ ಹತ್ರ ಬರಬ್ಯಾಡ್ವೇ” ಎಂದ ಭೂತಪ್ಪ, ಅಳುತ್ತ.

ಟಿಕ್ಲಿ ಬಂದು ಅವನ ತೊಡೆಯ ಮೇಲೆ ತಲೆ ಇಟ್ಟಿತು.