ನಾಲ್ಕನೇ ತೂತಿನ ರಿ

ಸ್ಕ್ರೂ ಇರುವ ಯಾವ ವಸ್ತುವೂ ತನ್ನ ಕೈ ಮೀರಿದ್ದಲ್ಲ ಎಂಬುದು ಝಾಕಿರನ ನಂಬಿಕೆ. ಪರ್ಕಳದಲ್ಲಿ ಕನ್ನಡಕದ ಅಂಗಡಿ ಇಟ್ಟ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿತ್ತು. ಹಾಗಾಗಿ ಶುಕ್ರವಾರ ಸಂಜೆ ಹೆಂಡತಿ ಜುವೈರಿಯಾ ಮಣಿಪಾಲದ ಕಾಲೇಜಿನಿಂದ ನೇರ ಅಂಗಡಿಗೆ ಬಂದು, "ನನ್ನ ಮೌತ್ ಆರ್ಗನ್ನಿನಲ್ಲಿ ನಾಲ್ಕನೇ ತೂತಿನ ರಿ ಸ್ವರ ಸ್ವಲ್ಪ ಇಳಿದುಬಿಟ್ಟಿದೆ" ಎಂದಾಗ ಅವನು ಕೂಡಲೇ ಕೈ ಚಾಚಿದ.

"ಕೊಡು ಇತ್ತ. ನೀನು ಚಾ ಕುಡಿದು ಬರುವುದರೊಳಗೆ ಸರಿಯಾಗಿರ್ತದೆ."

"ಆದಿತ್ಯವಾರ ಕಾರ್ಕಳದಲ್ಲಿ ನುಡಿಸಲಿಕ್ಕುಂಟು. ಹಾಳು ಮಾಡಬೇಡಿ ಮತ್ತೆ."

"ಇದರಲ್ಲಿ ಹಾಳಾಗಲಿಕ್ಕೆ ಎಂತ ಉಂಟು ಮಾರಾಯ್ತಿ?"

ಕಾರ್ಕಳದಲ್ಲಿ ಅವಳ ಸಹೋದ್ಯೋಗಿ ಫೌಸ್ಟಿನ್‌ನ ತಂದೆತಾಯಿಯ ಮದುವೆಯ ಐವತ್ತನೇ ವರ್ಷದ ಊಟ. ಒಂದು ಹಳೆಯ ಕೊಂಕಣಿ ಹಾಡು ನುಡಿಸುತ್ತೇನೆಂದು ಜುವೈರಿಯಾ ಮಾತು ಕೊಟ್ಟಾಗಿತ್ತು.

ಅವಳು ಅತ್ತ ಹೋದದ್ದೇ ಝಾಕಿರ್ ಕನ್ನಡಕದ ಪುಟ್ಟ ಸ್ಕ್ರೂಡ್ರೈವರಿನಿಂದ ಕೆಳಗಿನ ಮುಚ್ಚಳ ಬಿಚ್ಚಿದ. ಒಳಗೆ ಹಿತ್ತಾಳೆಯ ತೆಳು ನಾಲಿಗೆಗಳು ಸಾಲಾಗಿ ಮಲಗಿದ್ದವು. ಒಂದೊಂದರ ಬುಡ ತಗಡಿಗೆ ಬೆಸೆದಿತ್ತು, ತುದಿ ಮಾತ್ರ ಸ್ವತಂತ್ರ. ಇವಕ್ಕೇ ರೀಡು ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಎಲ್ಲಿ ಉಜ್ಜಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಫ್ರೇಮಿನ ಅಂಚು ನಯಮಾಡುವ ಸಣ್ಣ ಅರದಿಂದ ನಾಲ್ಕನೆಯದರ ಬುಡವನ್ನು ಧಾರಾಳವಾಗಿ ಉಜ್ಜಿದ.

ಜುವೈರಿಯಾ ಬಂದು ಅದನ್ನು ಬಾಯಿಗಿಟ್ಟು ಉಸಿರೆಳೆದು ನೋಡಿದಳು. ರಿ ಎಂಬುದು ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿ ಹೆಚ್ಚುಕಡಿಮೆ ಸ ಆಗಿಬಿಟ್ಟಿತ್ತು.

ಬೈಗುಳಕ್ಕೆ ತಲೆತಗ್ಗಿಸಿ ನಿಂತಿದ್ದ ಝಾಕಿರನಿಗೆ ಕೇಳಿಸಿದ್ದು ನಗು.

"ಬುಡ ಉಜ್ಜಿದ್ರಾ? ಬುಡ ಸಡಿಲವಾದರೆ ಅದು ನಿಧಾನ ಅಲುಗಾಡ್ತದೆ, ಸ್ವರ ಇಳಿಯುತ್ತದೆ. ತುದಿ ಹಗುರ ಮಾಡಬೇಕಿತ್ತು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಅಂತ ಇದನ್ನೇ ಅಲ್ವಾ ಪಾಠ ಮಾಡುವುದು?"

"ಹಾಗಾದರೆ ನೀನು ಹೇಳು, ನಾನು ಉಜ್ಜುತ್ತೇನೆ."

ಅಂಗಡಿಯ ಬಾಗಿಲು ಅರ್ಧ ಎಳೆದು ಇಬ್ಬರೂ ಎದುರುಬದುರು ಕೂತರು. ನಾಲಿಗೆ ಬಾಗದಿರಲೆಂದು ಗಡ್ಡದ ಬ್ಲೇಡಿನ ಅರ್ಧ ತುಂಡನ್ನು ಅದರಡಿ ತೂರಿಸಿ, ಝಾಕಿರ್ ಉಸಿರು ಬಿಗಿಹಿಡಿದು ತುದಿಯನ್ನು ಒಂದಿಷ್ಟೇ ಕೆರೆಯುತ್ತಿದ್ದ. ಅವಳು ಮುಚ್ಚಳ ಒತ್ತಿ ಹಿಡಿದು ಉಸಿರೆಳೆಯುತ್ತಿದ್ದಳು. ಮೊಬೈಲಿನಲ್ಲಿ ಸ್ವರ ಅಳೆಯುವ ಮುಳ್ಳು ತುಸು ಮೇಲೇರುತ್ತಿತ್ತು. ಮತ್ತೆ ಕೆರೆತ, ಮತ್ತೆ ರಿ. ಕನ್ನಡಕ ಕೇಳಿಕೊಂಡು ಬಂದ ಗಿರಾಕಿಯೊಬ್ಬರು ಈ ರಿ ರಿ ಕೇಳಿ, ನಾಳೆ ಬರುತ್ತೇನೆಂದು ಹಾಗೇ ಹಿಂತಿರುಗಿದರು. ಕೊನೆಗೂ ಮುಳ್ಳು ನಡುವೆ ನಿಂತಾಗ ಝಾಕಿರ್ ಕ್ಯಾಟರಾಕ್ಟ್ ಆಪರೇಷನ್ ಮುಗಿಸಿದ ಡಾಕ್ಟರರಂತೆ ಬೆವರೊರೆಸಿಕೊಂಡ.

ಭಾನುವಾರ ಕಾರ್ಕಳದಲ್ಲಿ ಹಾಡಿನ ಮೊದಲ ಸಾಲು ಹೂವೆತ್ತಿದಂತೆ ಬಂತು. ಫೌಸ್ಟಿನ್‌ನ ತಂದೆ ಲೂಯಿಸರು ಹೆಂಡತಿಯ ಕೈಹಿಡಿದು ಕುಣಿಯಲೆದ್ದರು. ಎರಡನೇ ಸಾಲಿನಲ್ಲಿ 'ಟಿಕ್' ಎಂದಿತು. ಎರಡೂ ಕಡೆ ಸವೆದ ರೀಡು ಬುಡದಲ್ಲೇ ಮುರಿದಿತ್ತು. ರಿ ಬರಬೇಕಾದಲ್ಲಿ ಬರೀ ಗಾಳಿ.

ನಿಲ್ಲಿಸಿದರೆ ಮುದುಕರ ಕುಣಿತ ನಿಲ್ಲುತ್ತದೆ. ಜುವೈರಿಯಾ ನುಡಿಸುತ್ತಲೇ ಹೋದಳು. ಮುಂದಿನ ರಿ ಹತ್ತಿರ ಬಂದಾಗ, ಬಿರಿಯಾನಿಯ ತಟ್ಟೆ ಹಿಡಿದು ನಿಂತಿದ್ದ ಝಾಕಿರ್ ತುಟಿ ಮುಂದೆ ಮಾಡಿ ಸಿಳ್ಳೆ ಹಾಕಿದ. ಅಚ್ಚುಕಟ್ಟಾದ ರಿ! ಶುಕ್ರವಾರ ಇಡೀ ಸಂಜೆ ಅದೊಂದನ್ನೇ ಕೇಳಿದ ಕಿವಿ, ತಪ್ಪುವುದು ಹೇಗೆ? ಅವಳು ಕಣ್ಣಲ್ಲೇ ನಕ್ಕಳು. ಆಮೇಲೆ ಎಲ್ಲೆಲ್ಲಿ ರಿ ಬಂತೋ ಅಲ್ಲೆಲ್ಲ ಅವಳು ತಲೆಯಾಡಿಸುವಳು, ಅವನು ಸಿಳ್ಳೆ ಹಾಕುವನು. ಜನ ಚಪ್ಪಾಳೆ ತಟ್ಟತೊಡಗಿದರು.

"ಗಂಡ ಹೆಂಡತಿ ತುಂಬಾ ಪ್ರಾಕ್ಟೀಸ್ ಮಾಡಿದ ಹಾಗೆ ಉಂಟಲ್ಲ?" ಲೂಯಿಸರು ಏದುಸಿರು ಬಿಡುತ್ತ ಕೇಳಿದರು.

"ಹೌದು ಸರ್," ಎಂದ ಝಾಕಿರ್ ಗಂಭೀರವಾಗಿ. "ಒಂದೇ ಸ್ವರವನ್ನು."

ಮನೆಗೆ ಹಿಂತಿರುಗುವಾಗ ಜುವೈರಿಯಾ ಕಾರಿನಲ್ಲೇ ಮೊಬೈಲ್ ತೆಗೆದು ಹೊಸ ಮೌತ್ ಆರ್ಗನ್ ಒಂದಕ್ಕೆ ಆರ್ಡರ್ ಹಾಕಿದಳು. ಜೊತೆಗೆ ರೀಡು ಸರಿಮಾಡುವ ಸಾಮಾನುಗಳ ಪುಟ್ಟ ಪೆಟ್ಟಿಗೆ: ಕೆರೆಯುವ ಉಳಿ, ಅಡಿಗಿಡುವ ತೆಳು ಪಟ್ಟಿ, ಎತ್ತುವ ಕೊಕ್ಕೆ.

"ಪೆಟ್ಟಿಗೆ ನಿಮಗೆ," ಎಂದಳು. "ಮುರಿದದ್ದೂ ನಿಮಗೆ, ಕಲಿಯಲಿಕ್ಕೆ. ಹೊಸತನ್ನು ಮುಟ್ಟಿದರೆ ಮಾತ್ರ ನೋಡಿ!"

"ಮುಚ್ಚಳ ಬಿಚ್ಚಿ ನೋಡಬಹುದಾ?"

"ಇಲ್ಲ."

ಝಾಕಿರ್ ಗೇರ್ ಬದಲಿಸಿ, ಸಿಳ್ಳೆ ಹಾಕುತ್ತ ಗಾಡಿ ಓಡಿಸಿದ. ಈ ಸಲ ಗ ಪ್ರಯತ್ನಿಸಿದ್ದ, ಸ್ವಲ್ಪ ಇಳಿದಿತ್ತು.