ಗೂಟದ ಹತ್ತಿರ ನಿಂತವಳು

ಹೆಣ್ಣು ನೋಡಲು ಬಂದವರು ಹಾಡಿಸಿ ನೋಡುವುದುಂಟು, ನಡೆಸಿ ನೋಡುವುದುಂಟು. ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಎಂದು ಹೇಳಿ ವರ್ಷಗಟ್ಟಲೆ ಬಾಯಿ ಬಿಡದಿರುವುದಂತೂ ಇದ್ದೇ ಇದೆ. ಆದರೆ ಚಿಂತಾಮಣಿಯ ಮುನಿನಾರಾಯಣಪ್ಪನ ಮನೆಗೆ ಬಂದ ಗಂಡು, ಹಲಗೆಯ ಮೇಲೆ ನೆಟ್ಟ ಗೇಣುದ್ದದ ಒಂದು ಗೂಟವನ್ನೂ ಐದು ಪ್ಲಾಸ್ಟಿಕ್ ರಿಂಗುಗಳನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದ.

ಅವನ ಹೆಸರು ಮಧುಸೂದನ್. ಚಿಕ್ಕಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ. ಹೇಳಿಕೊಡುವುದು ಕಾಲೇಜಿಗೇ ಮುಗಿಯುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಡುತ್ತಿದ್ದ, ಮಂಡಿನೋವು ಎಂದ ತಾಯಿಗೂ ಹೇಳಿಕೊಡುತ್ತಿದ್ದ. ಈಗ ನಡುಮನೆಯಲ್ಲಿ ಕೂತು ಹೆಣ್ಣಿನ ಅಪ್ಪನಿಗೆ ಹೇಳಿಕೊಡುತ್ತಿದ್ದ.

"ನೋಡಿ ಅಂಕಲ್, ಮನುಷ್ಯನಿಗೆ ಏನು ಬೇಕು ಅಂತ ಅವನನ್ನೇ ಕೇಳಬಾರದು, ಸುಳ್ಳು ಹೇಳ್ತಾನೆ. ಕೈಗೆ ರಿಂಗ್ ಕೊಟ್ಟು, ಇಷ್ಟ ಬಂದ ಕಡೆ ನಿಂತು ಹಾಕು ಅನ್ನಬೇಕು. ಗೂಟದ ಪಕ್ಕದಲ್ಲೇ ನಿಂತು ಹಾಕ್ತಾರಲ್ಲ, ಅವರಿಗೆ ಸೋಲಿನ ಭಯ. ಬಾಗಿಲಾಚೆ ಹೋಗಿ ಎಸೀತಾರಲ್ಲ, ಅವರಿಗೂ ಸೋಲಿನ ಭಯ. ಅಷ್ಟು ದೂರದಿಂದ ಬೀಳಲಿಲ್ಲ ಅಂದ್ರೆ ಯಾರೂ ಬಯ್ಯಲ್ಲ ನೋಡಿ. ನಡುವೆ ನಿಲ್ಲೋರು ಮಾತ್ರ ಜೀವನದಲ್ಲಿ ಏನಾದ್ರೂ ಮಾಡೋರು. ಅಚೀವ್‌ಮೆಂಟ್ ಮೋಟಿವೇಶನ್ ಅಂತೀವಿ."

"ಓಹೋ," ಎಂದ ಮುನಿನಾರಾಯಣಪ್ಪ. ಸ್ಕೂಲ್ ವ್ಯಾನ್ ಓಡಿಸುವ ಅವನಿಗೆ ಗೇರು ಬೀಳದಿದ್ದಾಗ ಮುಖ ಹೇಗಾಗುತ್ತಿತ್ತೋ ಈಗಲೂ ಹಾಗೇ ಆಗಿತ್ತು.

"ಇದು ಮುರುಗಮಲ್ಲದ ಉರುಸಲ್ಲೂ ಐತೆ ಸಾರ್," ಎಂದ ಸಂಬಂಧ ತಂದ ಪಿಳ್ಳಪ್ಪ. "ಅಲ್ಲಿ ಬಿದ್ರೆ ಸೋಪು ಕೊಡ್ತಾರೆ. ಇಲ್ಲಿ ಗಂಡು!"

ತನ್ನ ಮಾತಿಗೆ ತಾನೇ ನಕ್ಕ.

ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದ ಕಲ್ಯಾಣಿ ಇದನ್ನೆಲ್ಲ ಕೇಳಿಸಿಕೊಂಡಳು. ಆ ಮನೆಯ ಗೋಡೆಗಳು ಗುಟ್ಟು ಇಡುವ ಜಾತಿಯವಲ್ಲ. ಅವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮನಿಗೆ ಆಪರೇಷನ್ ಆದ ವರ್ಷ ಒಲೆ ಮುಂದೆ ಕೂತಳು, ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗ ಅವರಿವರ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಕುಚ್ಚಿನ ಕಾಸಿನಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಗಿನಿಂದ ಕಟ್ಟಿದ್ದಾಳೆ. ಪರೀಕ್ಷೆ ಮಾರ್ಚಿನಲ್ಲಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಈ ಗಂಡು ಹೂಂ ಎಂದರೆ ಫೆಬ್ರವರಿಯಲ್ಲೇ ಛತ್ರ. ಬೇಡ ಎನ್ನುವ ಬಾಯಿ ಅವಳಿಗಿಲ್ಲ. ಆದ್ದರಿಂದ ಬೇಡ ಎನ್ನುವ ಕೆಲಸ ಗಂಡಿನದೇ ಆಗಬೇಕಿತ್ತು. ಹೇಗೆ ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡಿದ್ದವಳಿಗೆ, ಪುಣ್ಯಾತ್ಮ ದಾರಿಯನ್ನು ತಾನೇ ಬಾಯಿಬಿಟ್ಟು ತೋರಿಸಿದ್ದ.

ತಟ್ಟೆ ಹಿಡಿದು ಹೊರಗೆ ಬಂದಳು. ಮಧುಸೂದನ್ ತಾಯಿಯ ಲೋಟ ತೋರಿಸಿ, "ಅಮ್ಮನಿಗೆ ಸಕ್ಕರೆ ಬೇಡ. ಬಿಡಿಸಿದೀನಿ. ಸಕ್ಕರೆ ಇಲ್ಲದೆ ಕುಡಿದಾಗಲೆಲ್ಲ ಗುಡ್ ಅಂತೀನಿ. ಕಂಡಿಷನಿಂಗ್ ಅಂತ, ರೂಢಿ ಹಿಡಿಸೋದು," ಎಂದ. ತಾಯಿ ರಾಧಾಮಣಿ ವಿಧೇಯಳಾಗಿ ತಲೆಯಾಡಿಸಿದಳು. ಅವನು ಇನ್ನೊಂದು ಬೋಂಡಕ್ಕೆ ಕೈ ಚಾಚಿದಾಗ ಅವಳು ಸಣ್ಣಗೆ ಕೆಮ್ಮಿದಳು. ಕೈ ತಾನಾಗಿಯೇ ತೊಡೆಯ ಮೇಲೆ ಬಂದು ಮಲಗಿತು. ಯಾರು ಯಾರಿಗೆ ಏನು ಕಲಿಸಿದ್ದರೆಂದು ಕಲ್ಯಾಣಿಗೆ ಗೊತ್ತಾಯಿತು, ಮಧುಸೂದನನಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕಲ್ಯಾಣಿಯ ಅಮ್ಮ ಅಶ್ವತ್ಥಮ್ಮ, ನಡುಮನೆಯಲ್ಲಿಟ್ಟಿದ್ದ ಗೂಟವನ್ನು ನೋಡಿ, ಇದು ಗಂಡಿನ ಮನೆಯ ಪದ್ಧತಿಯೇ ಇರಬೇಕೆಂದುಕೊಂಡು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತುದಿಗೆ ಒಂದು ಮೊಳ ಕನಕಾಂಬರ ಸುತ್ತಿ ಕೈಮುಗಿದಿದ್ದಳು.

"ಅಯ್ಯೋ, ಹೂವು ತೆಗೀರಿ ಆಂಟಿ, ರಿಸಲ್ಟ್ ಹಾಳಾಗುತ್ತೆ!"

"ಬಿಡೋ, ಇರ್ಲಿ," ಎಂದಳು ರಾಧಾಮಣಿ. "ಆಯಮ್ಮ ಭಕ್ತಿಯಿಂದ ಮಾಡವ್ರೆ."

ಹೂವನ್ನಂತೂ ತೆಗೆಸಿದ. ಕುಂಕುಮ ಉಳಿಯಿತು.

"ತಗೊಳಮ್ಮ. ಎಲ್ಲಿ ಬೇಕಾದ್ರೂ ನಿಂತ್ಕೊ. ಸರಿ ತಪ್ಪು ಏನಿಲ್ಲ," ಎಂದ ಮಧುಸೂದನ್, ಪೆನ್ನಿನ ಮುಚ್ಚಳ ತೆಗೆಯುತ್ತ.

ಕಲ್ಯಾಣಿ ರಿಂಗುಗಳನ್ನು ತೆಗೆದುಕೊಂಡು ಸೀದಾ ಗೂಟದ ಪಕ್ಕಕ್ಕೆ ಹೋಗಿ ನಿಂತಳು. ಪಕ್ಕ ಎಂದರೆ ಸೀರೆಯ ನೆರಿಗೆ ಗೂಟಕ್ಕೆ ತಗಲುವಷ್ಟು ಪಕ್ಕ. ಬಗ್ಗಿ, ದೇವರಿಗೆ ಹೂವು ಏರಿಸುವ ಹಾಗೆ ಒಂದೊಂದನ್ನೇ ಹಾಕಿದಳು. ಐದೂ ಬಿದ್ದವು.

"ಭೇಷ್!" ಎಂದು ಪಿಳ್ಳಪ್ಪ ಚಪ್ಪಾಳೆ ತಟ್ಟಿದ. "ಒಂದೂ ತಪ್ಪಲಿಲ್ಲ ನೋಡಿ ಸಾರ್!" ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಠ ಕೇಳಿದ್ದ ಮುನಿನಾರಾಯಣಪ್ಪ ಮಾತ್ರ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಕಲ್ಯಾಣಿ ತಲೆ ತಗ್ಗಿಸಿ ಗೋಡೆಗೆ ಒರಗಿದಳು. ಒಳಗೊಳಗೇ ಬೀಜಗಣಿತದ ಪುಸ್ತಕ ತೆರೆದುಕೊಂಡಿತ್ತು.

ಮಧುಸೂದನ್ ಪೆನ್ನಿನ ಮುಚ್ಚಳ ಹಾಕಿ ಮುಖ ಅರಳಿಸಿದ.

"ನನಗೆ ಒಪ್ಪಿಗೆ ಅಂಕಲ್."

ಮುನಿನಾರಾಯಣಪ್ಪ ಬಾಯಿ ತೆರೆದ. "ಅಲ್ಲ ಸಾರ್... ಹತ್ತಿರ ನಿಂತ್ರೆ ಏನೂ ಮಾಡೋರಲ್ಲ ಅಂದ್ರಲ್ಲ?"

"ಅದೇ ಬೇಕಾಗಿರೋದು. ಮನೆ ಅಂದ್ಮೇಲೆ ಸಾಧನೆ ಮಾಡೋರು ಒಬ್ಬರಿದ್ದರೆ ಸಾಕು. ಅದಕ್ಕೆ ನಾನಿದೀನಿ. ಹೋದ ವಾರ ಗೌರಿಬಿದನೂರಲ್ಲಿ ಒಂದು ಹುಡುಗಿ ನೋಡಿದ್ವಿ. ಕರೆಕ್ಟಾಗಿ ನಡುವೆ ನಿಂತ್ಕೊಂಡ್ಲು. ಎರಡು ತಪ್ಪಿತು, ನಗ್ತಾ ಇನ್ನೊಂದು ಸಲ ಹಾಕ್ಲಾ ಅಂದ್ಲು. ನಾನು ಕಾಫಿನೂ ಕುಡೀದೆ ಎದ್ದುಬಂದೆ."

ಕಲ್ಯಾಣಿಯ ಒಳಗೆ ತೆರೆದಿದ್ದ ಪುಸ್ತಕ ಮುಚ್ಚಿಕೊಂಡಿತು. ಅಶ್ವತ್ಥಮ್ಮ ಹಣ್ಣಿನ ತಟ್ಟೆ ತರಲು ಒಳಗೆ ಓಡಿದಳು. ಪಿಳ್ಳಪ್ಪ ಮೊಬೈಲಿನಲ್ಲಿ ಆಗಲೇ ಫೆಬ್ರವರಿಯ ಮುಹೂರ್ತ ಹುಡುಕತೊಡಗಿದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲೆ ಅಡಿಕೆ ಕೈ ಬದಲಾಗುತ್ತದೆ. ಎಲ್ಲಿಂದಲೋ ಒಂದು ದನಿ ಹೊರಟಿತು, ಅದು ತನ್ನದೇ ಎಂದು ಅವಳಿಗೆ ಆಮೇಲೆ ತಿಳಿಯಿತು.

"ಸಾರ್, ಎಲ್ಲಿ ನಿಂತಿದ್ರೆ ನಾನು ಬೇಡ ಅಂತಿದ್ರಿ?"

ಪ್ರಶ್ನೆ ಕೇಳಿದವರಿಗೆಲ್ಲ ಉತ್ತರ ಹೇಳಿ ರೂಢಿಯಾದ ಮಧುಸೂದನ್, "ನಡುವೆ," ಎಂದುಬಿಟ್ಟ.

ಕಲ್ಯಾಣಿ ಗೂಟದಿಂದ ರಿಂಗುಗಳನ್ನು ಬಿಡಿಸಿಕೊಂಡಳು. ನಡುಮನೆಯ ಮಧ್ಯಕ್ಕೆ ಹೋಗಿ ನಿಂತು ಒಂದು ಎಸೆದಳು. ಅದು ಪಿಳ್ಳಪ್ಪನ ಮಂಡಿಗೆ ಬಡಿಯಿತು. ಇನ್ನೊಂದು ಬೋಂಡದ ತಟ್ಟೆಯಲ್ಲಿ ಬಿತ್ತು. ಮತ್ತೊಂದನ್ನು ಎಸೆದಳು.

"ಏನೇ ಇದು? ನಿಲ್ಸೇ!" ಎಂದು ಮುನಿನಾರಾಯಣಪ್ಪ ಗದರಿದ.

"ಪರವಾಗಿಲ್ಲ ಅಂಕಲ್, ಇದು ಲೆಕ್ಕಕ್ಕಿಲ್ಲ," ಎಂದ ಮಧುಸೂದನ್ ದೊಡ್ಡ ಮನಸ್ಸಿನಿಂದ. "ಉತ್ತರ ಗೊತ್ತಾದ ಮೇಲೆ ಮಾಡಿದ್ದು. ಅವರ ಸಹಜ ಸ್ವಭಾವ ಪಕ್ಕದಲ್ಲಿ ನಿಲ್ಲೋದೇ. ಈ ಸಣ್ಣಪುಟ್ಟ ಹಟ ಎಲ್ಲ ಮದುವೆ ಆದ್ಮೇಲೆ ತಿದ್ದಬಹುದು. ನಮ್ಮಮ್ಮನ್ನೇ ತಿದ್ದಿಲ್ವಾ?"

"ಮೊದಲು ಹಾಕಿದ್ದೂ ಉತ್ತರ ಗೊತ್ತಿದ್ದೇ ಹಾಕಿದ್ದು," ಎಂದಳು ಕಲ್ಯಾಣಿ. "ನೀವು ಅಪ್ಪನಿಗೆ ಹೇಳಿದ್ದು ಒಳಗೆ ಕೇಳಿಸ್ತು. ನೀವು ಬೇಡ ಅನ್ನಲಿ ಅಂತಲೇ ಹತ್ತಿರ ನಿಂತೆ. ಮಾರ್ಚಲ್ಲಿ ನನಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ಮದುವೆ ಬೇಡ."

ಮಧುಸೂದನ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಇಂಥ ಹುಡುಗಿಯನ್ನು ಎಲ್ಲಿ ಬರೆದುಕೊಳ್ಳಬೇಕು ಎಂಬುದು ಅವನಿಗೆ ತೋಚಲಿಲ್ಲ. "ಒಂದು ರೀತೀಲಿ ನೋಡಿದ್ರೆ ಇದೂ..." ಎಂದು ಶುರುಮಾಡಿದ.

"ಏಳಪ್ಪ," ಎಂದಳು ರಾಧಾಮಣಿ, ಸೆರಗು ಸರಿಮಾಡಿಕೊಳ್ಳುತ್ತ. "ನಿನ್ನ ಪರೀಕ್ಷೇಲಿ ನಿನಗೇ ಟೋಪಿ ಹಾಕಿದ ಹುಡುಗಿ. ನಮ್ಮನೇಲಿ ಅಂಥವಳು ಆಗಲೇ ಒಬ್ಬಳಿದ್ದಾಳೆ, ಸಾಕು." ಹೊಸ್ತಿಲು ದಾಟುವಾಗ ಕಲ್ಯಾಣಿಯ ಮುಖವನ್ನು ಒಮ್ಮೆ ನೋಡಿದಳು. ನಕ್ಕಳೋ ಇಲ್ಲವೋ ಹೇಳುವುದು ಕಷ್ಟ.

ಅವರು ಹೋದ ಮೇಲೆ ಮುನಿನಾರಾಯಣಪ್ಪ ಬಹಳ ಹೊತ್ತು ಬೈದ. ಓದು ಬಿಡಿಸಿದವನು ತಾನೇ ಎಂಬುದು ಬೈಗುಳದ ನಡುವೆ ಎಲ್ಲೋ ನೆನಪಾಗಿ ಅವನ ದನಿ ತಗ್ಗಿತು. ಅದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಬೈದ. ಅಶ್ವತ್ಥಮ್ಮ ಮಗಳ ಕೈಯಿಂದ ಎಂಜಲು ಲೋಟಗಳನ್ನು ಇಸಿದುಕೊಂಡಳು. "ಹೋಗು, ಓದ್ಕೊ ಹೋಗು," ಎಂದಳು, ಬೈದಂತೆಯೇ.

ಪಿಳ್ಳಪ್ಪ ಮಂಡಿ ಉಜ್ಜಿಕೊಳ್ಳುತ್ತ ಮೇಲೆದ್ದ. "ಬೇಜಾರ್ ಮಾಡ್ಕೋಬ್ಯಾಡಪ್ಪ. ಶಿಡ್ಲಘಟ್ಟದಲ್ಲಿ ಒಂದು ಗಂಡೈತೆ. ರೇಷ್ಮೆ ಅಂಗಡಿ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ, ತಲೆ ಎತ್ತಿ ಮಾತೂ ಆಡಲ್ಲ. ನಾಳೆ ಕರ್ಕೊಂಡು ಬರ್ಲಾ?"

ಮುನಿನಾರಾಯಣಪ್ಪ ಒಳಗಿನ ಕಡೆ ಒಮ್ಮೆ ನೋಡಿದ. "ಮಾರ್ಚ್ ಕಳೀಲಿ, ಬಾರಯ್ಯ," ಎಂದ ಸಿಡುಕಿನಿಂದ.

"ಮಾರ್ಚ್ ಅನ್ನಬೇಡಪ್ಪ," ಎಂದು ಒಳಗಿನಿಂದ ಕಲ್ಯಾಣಿಯ ದನಿ ಬಂತು. "ಮಳೆಗಾಲ ಕಳೀಲಿ ಅನ್ನು. ಫೇಲಾದ್ರೆ ಅಷ್ಟರೊಳಗೆ ಇನ್ನೂ ಎರಡು ಸಲ ಬರೀಬಹುದು."